ಹಿಂದಿನ ಸೀಟಿನಲ್ಲಿ ಕೂರುವುದೂ ಒಂದು ಕೆಲಸ

ಬೈಕ್ ಓಡಿಸುವುದನ್ನು ಕಲಿಸಲು ಬೇಕಾದಷ್ಟು ಜನ ಸಿಗುತ್ತಾರೆ. ಬೈಕಿನ ಹಿಂದೆ ಕೂರುವುದನ್ನು ಯಾರೂ ಕಲಿಸುವುದಿಲ್ಲ. ‘ಹತ್ತು, ಗಟ್ಟಿಯಾಗಿ ಹಿಡ್ಕೋ’ ಅನ್ನುತ್ತಾರೆ, ತರಬೇತಿ ಅಲ್ಲಿಗೆ ಮುಗಿಯಿತು. ಏನನ್ನು ಹಿಡಿದುಕೊಳ್ಳಬೇಕು ಅಂತ ಹೇಳಿದವರೂ ಇಲ್ಲ, ಕೇಳಿದವರೂ ಇಲ್ಲ.

ನಾನು ಕಲಿತದ್ದು ಅಕ್ಕನ ಬೈಕಿನ ಮೇಲೆ. ಮೊದಲ ದೂರದ ಪ್ರಯಾಣ. ಒಂದು ತಿರುವಿನಲ್ಲಿ ಬೈಕ್ ವಾಲಿದ್ದೇ ತಡ, ಬಿದ್ದೇಬಿಟ್ಟೆವು ಅನ್ನಿಸಿ ನಾನು ಎದುರು ಬದಿಗೆ ವಾಲಿದೆ. ಎರಡೂ ಕೈಯಲ್ಲಿ ಅವಳ ಭುಜಗಳನ್ನು ಅವುಚಿ ಹಿಡಿದಿದ್ದೆ. ಬೈಕ್ ತಿರುಗಬೇಕಾದಷ್ಟು ತಿರುಗದೆ ರಸ್ತೆಯಂಚಿನ ಜಲ್ಲಿಯವರೆಗೂ ಹೋಯಿತು. ಅಕ್ಕ ಹೇಗೋ ಸಂಭಾಳಿಸಿ, ಮುಂದೆ ಹೋಗಿ ನಿಲ್ಲಿಸಿ, ಹೆಲ್ಮೆಟ್ ತೆಗೆದಳು. “ಏನೋ, ನನ್ನ ಹಿಂದೆ ಕೂತಿದ್ದೀಯೋ, ಬೈಕ್ ಜೊತೆ ಕುಸ್ತಿ ಆಡ್ತಿದ್ದೀಯೋ?” ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ, “ನನ್ನ ಕೈ ನನಗೆ ಬಿಟ್ಕೊಡು. ಮಿಕ್ಕಿದ್ದು ನಾನು ನೋಡ್ಕೋತೀನಿ” ಅಂದಳು.

ಆ ಒಂದು ಮಾತನ್ನು ಹಿಡಿದುಕೊಂಡರೆ ಕೆಳಗೆ ಬರೆದಿರುವುದರಲ್ಲಿ ಅರ್ಧ ತಾನಾಗಿ ಹೊಳೆಯುತ್ತದೆ. ಓಡಿಸುವವರ ಕೈಗಳಲ್ಲಿ ಹ್ಯಾಂಡಲ್ ಇದೆ, ಮುಂದಿನ ಬ್ರೇಕ್ ಇದೆ, ಕ್ಲಚ್ ಇದೆ, ಆಕ್ಸಿಲರೇಟರ್ ಇದೆ. ಆ ಕೈಗಳ ಮೇಲೆ ನಿಮ್ಮ ಭಾರವೂ ಬೀಳಬಾರದು, ನಿಮ್ಮ ಭಯವೂ ಬೀಳಬಾರದು.

ನೀವು ಹತ್ತಿದರೆ ಬೈಕಿಗೆ ಏನಾಗುತ್ತದೆ

140 ಕೆಜಿಯ ಬೈಕು, ಅದರ ಮೇಲೆ 65 ಕೆಜಿಯ ಒಬ್ಬರು ಎಂದುಕೊಳ್ಳಿ. ಅಷ್ಟೇ ತೂಕದ ಇನ್ನೊಬ್ಬರು ಹಿಂದೆ ಕೂತರೆ ಒಟ್ಟು ಭಾರಕ್ಕೆ ಹತ್ತಿರಹತ್ತಿರ ಮೂರನೇ ಒಂದು ಭಾಗ ಸೇರಿತು. ಅದೂ ಎತ್ತರದಲ್ಲಿ, ಹಿಂದಿನ ಚಕ್ರದ ಕಡೆಗೆ. ಹಿಂಭಾಗ ಕುಸಿಯುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ, ಹೆಡ್‌ಲೈಟ್ ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹೊರಡುವಾಗ ನಿಧಾನ, ನಿಲ್ಲಿಸುವಾಗ ಹೆಚ್ಚು ಜಾಗ.

ಇದನ್ನು ಸರಿಪಡಿಸುವ ಕೆಲಸ ಓಡಿಸುವವರದು. ಹಾಗಂತ ನೀವು ಕೇಳಬಾರದು ಅಂತೇನೂ ಇಲ್ಲ. ಚೈನ್ ಕವರ್ ಮೇಲೋ, ಹಿಂದಿನ ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳಿನ ಮೇಲೋ ಸಾಮಾನ್ಯವಾಗಿ ಒಂದು ಸ್ಟಿಕರ್ ಇರುತ್ತದೆ. ಒಬ್ಬರಿದ್ದಾಗ ಹಿಂದಿನ ಟೈರಿಗೆ ಎಷ್ಟು ಗಾಳಿ, ಇಬ್ಬರಿದ್ದಾಗ ಎಷ್ಟು ಎಂದು ಎರಡು ಅಂಕಿ ಅದರಲ್ಲಿರುತ್ತವೆ. ಎರಡನೆಯದು ಹೆಚ್ಚಿರುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರನ್ನು ಒಂದೆರಡು ಹಲ್ಲು ಬಿಗಿ ಮಾಡಬಹುದಾದ ಬೈಕಾದರೆ ದೂರದ ದಾರಿಗೆ ಮುನ್ನ ಅದನ್ನೂ ಮಾಡಿಸಿ. ಗಲ್ಲಿ ತಿರುವಿನಾಚೆ ಹೋಗಿಬರುವುದಕ್ಕೆ ಇಷ್ಟೆಲ್ಲ ಯಾರೂ ಮಾಡುವುದಿಲ್ಲ, ನಾನೂ ಮಾಡುವುದಿಲ್ಲ. ಇಬ್ಬರೂ ಸೇರಿ ನೂರು ಕಿಲೋಮೀಟರ್ ಹೋಗುವಾಗ ಮಾತ್ರ ಆ ಐದು ನಿಮಿಷ ಖರ್ಚು ಮಾಡಬೇಕು.

ಹತ್ತುವ ಮುಂಚೆ ಮೈಮೇಲೆ ಒಮ್ಮೆ ಕಣ್ಣಾಡಿಸಿ

ಹೆಲ್ಮೆಟ್ ಮೊದಲು. ಬಿದ್ದರೆ ಇಬ್ಬರೂ ಬೀಳುವುದು ಒಂದೇ ರಸ್ತೆಗೆ. ಹೀಗಿದ್ದೂ ಒಳ್ಳೆಯ ಹೆಲ್ಮೆಟ್ ಮುಂದಿನವರಿಗೆ, ಬಣ್ಣ ಹೋದ, ಪಟ್ಟಿ ಸಡಿಲವಾದ ಹಳೆಯದು ಹಿಂದಿನವರಿಗೆ ಎಂಬ ಪದ್ಧತಿ ಎಲ್ಲಿಂದ ಬಂತೋ ಕಾಣೆ. 1935ರ ಮೇ ತಿಂಗಳಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ ಬೈಕಿನಿಂದ ಬಿದ್ದು, ಆರು ದಿನ ಪ್ರಜ್ಞೆ ಬಾರದೆ ತೀರಿಕೊಂಡಾಗ ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರತಜ್ಞ ಒಬ್ಬ. ಆತ ಮುಂದೆ ಬೈಕ್ ಸವಾರರ ತಲೆಪೆಟ್ಟುಗಳನ್ನೇ ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದ. ಹೆಲ್ಮೆಟ್ ತಲೆ ಕಾಯುತ್ತದೆ ಎಂಬುದಕ್ಕೆ ಲೆಕ್ಕ ಸಿಗತೊಡಗಿದ್ದು ಅಲ್ಲಿಂದ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಅದು ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ.

ಪಟ್ಟಿ ಕಟ್ಟಿದ ಮೇಲೆ ಗದ್ದಕ್ಕೂ ಪಟ್ಟಿಗೂ ನಡುವೆ ಎರಡು ಬೆರಳು ತೂರಬೇಕು, ಮೂರನೆಯದು ತೂರಬಾರದು. ಹೆಲ್ಮೆಟನ್ನು ಹಿಡಿದು ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ಬರೀ ಹೆಲ್ಮೆಟ್ ಸುತ್ತುತ್ತಿದ್ದರೆ ಅದು ನಿಮ್ಮ ಅಳತೆಯದಲ್ಲ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿಯೇ ಕಂಡರೂ ಒಳಗಿನ ಥರ್ಮಾಕೋಲ್ ಕುಗ್ಗಿರುತ್ತದೆ. ಕುಗ್ಗಿದ್ದು ಮತ್ತೆ ಉಬ್ಬುವುದಿಲ್ಲ.

ಜೋಲಾಡುವ ಬಟ್ಟೆ ಇನ್ನೊಂದು. ಸ್ಕಾರ್ಫ್, ಶಾಲು, ಸೆರಗು, ರೇನ್‌ಕೋಟಿನ ತುದಿ, ಬ್ಯಾಗಿನ ಉದ್ದನೆಯ ಪಟ್ಟಿ, ಯಾವುದೇ ಆಗಲಿ ಗಾಳಿಗೆ ಹಾರಿ ಹಿಂದಿನ ಚಕ್ರಕ್ಕೋ ಚೈನಿಗೋ ಸಿಕ್ಕರೆ ಬಟ್ಟೆ ಹರಿಯುವ ಮುಂಚೆ ಮನುಷ್ಯನನ್ನು ಎಳೆಯುತ್ತದೆ. ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಸತ್ತದ್ದು ಕತ್ತಿನ ಸ್ಕಾರ್ಫ್ ಕಾರಿನ ಚಕ್ರಕ್ಕೆ ಸುತ್ತಿಕೊಂಡು. ಬೈಕಿನಲ್ಲಿ ಚಕ್ರ ಅದಕ್ಕಿಂತಲೂ ಹತ್ತಿರ. ಸಡಿಲ ಬಟ್ಟೆಯನ್ನು ಜಾಕೆಟ್ ಒಳಗೆ ಸಿಕ್ಕಿಸಿ, ಇಲ್ಲವೇ ಸೊಂಟಕ್ಕೆ ಕಟ್ಟಿ. ಶೂ ಲೇಸನ್ನೂ ಒಳಗೆ ತುರುಕಿ.

ಕಾಲಿಗೆ ಹಿಮ್ಮಡಿ ಮುಚ್ಚುವ ಶೂ ಇರಲಿ, ಉದ್ದ ಪ್ಯಾಂಟ್ ಇರಲಿ. ಅನೇಕ ಬೈಕುಗಳ ಸೈಲೆನ್ಸರ್ ಬಲಗಡೆ, ನಿಮ್ಮ ಮೀನಖಂಡಕ್ಕೆ ನಾಲ್ಕು ಬೆರಳು ದೂರದಲ್ಲಿರುತ್ತದೆ. ನನ್ನ ಬಲಗಾಲಿನ ಒಳಬದಿಯಲ್ಲಿ ರೂಪಾಯಿ ಅಗಲದ ಒಂದು ಕಪ್ಪು ಕಲೆ ಇವತ್ತಿಗೂ ಇದೆ. ಚಡ್ಡಿ ಹಾಕಿಕೊಂಡು ಹತ್ತಿದ ದಿನದ ನೆನಪು ಅದು. ಹಾಗೇನಾದರೂ ಸುಟ್ಟರೆ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ.

ಬೆನ್ನಿನ ಬ್ಯಾಗ್ ಭಾರವಿದ್ದರೆ ಹೊರಟ ಕೂಡಲೇ ಅದು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಪಟ್ಟಿಯನ್ನು ಉದ್ದ ಬಿಟ್ಟು, ಬ್ಯಾಗಿನ ಬುಡ ಸೀಟಿನ ಮೇಲೆ ಕೂರುವಂತೆ ಮಾಡಿಕೊಳ್ಳಿ. ಕೈಯಲ್ಲಿ ಚೀಲ ಹಿಡಿದು ಕೂರಬೇಡಿ. ಆ ಕೈಗೆ ಬೇರೆ ಕೆಲಸವಿದೆ.

ಹತ್ತುವ ರೀತಿ

ಓಡಿಸುವವರು ಮೊದಲು ಹತ್ತಲಿ. ಸ್ಟ್ಯಾಂಡ್ ಎತ್ತಿ, ಎರಡೂ ಕಾಲು ನೆಲಕ್ಕೆ ಊರಿ, ಮುಂದಿನ ಬ್ರೇಕ್ ಹಿಡಿಯಲಿ. ಅಷ್ಟರಲ್ಲಿ ನೀವು ಹಿಂದಿನ ಫುಟ್‌ರೆಸ್ಟ್ ಎರಡನ್ನೂ ಬಿಡಿಸಿಡಿ. ಆಮೇಲೆ “ಹತ್ತಲಾ?” ಅಂತ ಕೇಳಿ. “ಹ್ಞೂಂ” ಬಂದ ಮೇಲೆ ಹತ್ತಿ. ಈ ಎರಡು ಪದಗಳಿಲ್ಲದೆ ಆಗುವ ಅನಾಹುತ ಒಂದೆರಡಲ್ಲ. ನೀವು ಕಾಲೆತ್ತಿದಾಗಲೇ ಅವರು ಜೇಬಿನಿಂದ ಏನೋ ತೆಗೆಯಲು ಒಂದು ಕೈ ಬಿಟ್ಟಿರುತ್ತಾರೆ, ಬೈಕ್ ಒಂದು ಕಡೆ ಮಲಗುತ್ತದೆ.

ಎಡಗಡೆಯಿಂದ ಹತ್ತುವುದು ವಾಡಿಕೆ, ಸೈಡ್ ಸ್ಟ್ಯಾಂಡ್ ಇರುವುದೂ ಅದೇ ಕಡೆ, ಸೈಲೆನ್ಸರ್ ಸಾಮಾನ್ಯವಾಗಿ ಆಚೆ ಕಡೆ. ಸೀಟು ತಗ್ಗಿನಲ್ಲಿದ್ದರೆ ನೆಲದ ಮೇಲೆ ನಿಂತೇ ಬಲಗಾಲನ್ನು ದಾಟಿಸಿ ಕೂತುಬಿಡಿ. ಎತ್ತರದ ಬೈಕಾದರೆ ಎಡಗಾಲನ್ನು ಫುಟ್‌ರೆಸ್ಟ್ ಮೇಲಿಟ್ಟು ಏರಬೇಕಾಗುತ್ತದೆ. ಹಾಗೆ ಏರುವಾಗ ದೇಹವನ್ನು ಹೊರಗೆ ಬಿಟ್ಟು ಏಣಿ ಹತ್ತುವಂತೆ ಹತ್ತಬೇಡಿ, ಬೈಕ್ ನಿಮ್ಮ ಕಡೆಗೆ ಬೀಳುತ್ತದೆ. ಮೊದಲು ಎದೆಯನ್ನು ಸೀಟಿನ ಮೇಲಕ್ಕೆ ಬಗ್ಗಿಸಿ, ಭಾರ ಬೈಕಿನ ನಡುಗೆರೆಯ ಮೇಲೆ ಬಂದ ಮೇಲೆ ಕಾಲು ದಾಟಿಸಿ. ಓಡಿಸುವವರ ಭುಜಕ್ಕೆ ಕೈ ಊರಬಹುದಾದ ಒಂದೇ ಸಂದರ್ಭ ಇದು, ಅದೂ ಬೈಕ್ ನಿಂತಿರುವಾಗ.

ಕೂತು, ಎರಡೂ ಪಾದ ಇಟ್ಟು, ಹಿಡಿದುಕೊಂಡ ಮೇಲೆ “ಹೊರಡು” ಅನ್ನಿ. ಒಂದು ಕಾಲು ಇನ್ನೂ ಗಾಳಿಯಲ್ಲಿದ್ದಾಗಲೇ ಹೊರಟುಹೋದ ಕಥೆಗಳು ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತವೆ.

ಎರಡೂ ಕಾಲನ್ನು ಒಂದೇ ಕಡೆ ಹಾಕಿ ಕೂರುವ ಬಗ್ಗೆ. ಬೈಕಿನ ಹಿಂದಿನ ಸೀಟಿಗೆ ಇಂಗ್ಲಿಷಿನಲ್ಲಿ ಹೇಳುವ ಪಿಲಿಯನ್ ಅನ್ನುವ ಪದವೇ ಕುದುರೆಯ ಜೀನಿನ ಹಿಂದೆ ಹಾಸುತ್ತಿದ್ದ ಮೆತ್ತೆಯ ಹೆಸರು, ಅದರ ಬೇರು ಚರ್ಮ ಎಂಬ ಅರ್ಥದ ಲ್ಯಾಟಿನ್ ಪದದಲ್ಲಿದೆ. ಆ ಮೆತ್ತೆಯ ಮೇಲೆ ಹೆಂಗಸರು ಒಂದೇ ಕಡೆ ಕಾಲು ಹಾಕಿ ಕೂರುತ್ತಿದ್ದರು. ಕುದುರೆಗಾದರೋ ನಾಲ್ಕು ಕಾಲು, ನಿಂತರೂ ಬೀಳುವುದಿಲ್ಲ. ಬೈಕಿನಲ್ಲಿ ಹಾಗೆ ಕೂತರೆ ಭಾರ ಒಂದು ಕಡೆಗೆ ಜಗ್ಗುತ್ತದೆ, ತೊಡೆಯಿಂದ ಹಿಡಿತ ಸಿಗುವುದಿಲ್ಲ, ದಿಢೀರ್ ಬ್ರೇಕ್ ಬಿದ್ದರೆ ಜಾರುವುದು ಒಂದೇ ದಾರಿ. ಎರಡೂ ಕಡೆ ಕಾಲು ಹಾಕಿ ಕೂರಲು ಆಗುವ ಬಟ್ಟೆ ಹಾಕಿಕೊಂಡು ಹೊರಡುವುದೇ ಸರಿ.

ಏನನ್ನು ಹಿಡಿಯಬೇಕು

ಇಡೀ ವಿಷಯದ ತಿರುಳು ಇಲ್ಲಿದೆ. ಭುಜ ಬೇಡ. ತೋಳಂತೂ ಬೇಡವೇ ಬೇಡ. ಓಡುವ ಬೈಕಿನ ಹ್ಯಾಂಡಲ್‌ಗೆ ಒಂದಿಷ್ಟು ಒತ್ತು ಬಿದ್ದರೂ ಅದು ದಿಕ್ಕು ಬದಲಿಸುತ್ತದೆ. ನೀವು ಭುಜ ಜಗ್ಗಿದರೆ ತೋಳು ಜಗ್ಗುತ್ತದೆ, ತೋಳು ಜಗ್ಗಿದರೆ ಹ್ಯಾಂಡಲ್. ಅಂದರೆ ಅರಿವಿಲ್ಲದೆ ನೀವೇ ಬೈಕ್ ತಿರುಗಿಸುತ್ತಿದ್ದೀರಿ.

ಸೀಟಿನ ಹಿಂದೆ ಕಬ್ಬಿಣದ ಹಿಡಿಕೆ ಇದ್ದರೆ ಒಂದು ಕೈ ಅಲ್ಲಿರಲಿ. ಇನ್ನೊಂದು ಓಡಿಸುವವರ ಸೊಂಟದ ಪಕ್ಕ, ಬೆಲ್ಟ್ ಇರುವ ಮಟ್ಟದಲ್ಲಿ. ಹೊರಡುವಾಗ ದೇಹ ಹಿಂದಕ್ಕೆ ಹೋಗುವುದನ್ನು ಸೊಂಟದ ಮೇಲಿನ ಕೈ ತಡೆಯುತ್ತದೆ, ನಿಲ್ಲುವಾಗ ಮುಂದಕ್ಕೆ ಬೀಳುವುದನ್ನು ಹಿಂದಿನ ಹಿಡಿಕೆಯ ಕೈ ತಡೆಯುತ್ತದೆ. ಹಿಡಿಕೆಯೇ ಇಲ್ಲದ, ಹಿಂದಿನ ಸೀಟು ಗೋಪುರದಂತೆ ಎದ್ದಿರುವ ಬೈಕುಗಳಲ್ಲಿ ಸೊಂಟವನ್ನು ಬಳಸಿ ಎರಡೂ ಅಂಗೈಗಳನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಇಡಬಹುದು. ಬ್ರೇಕ್ ಬಿದ್ದಾಗ ಟ್ಯಾಂಕನ್ನು ಒತ್ತಿ ನಿಮ್ಮನ್ನು ನೀವೇ ತಡೆದುಕೊಳ್ಳಿ. ಮಂಡಿಗಳು ಓಡಿಸುವವರ ತೊಡೆಯ ಹೊರಬದಿಯನ್ನು ಹಗುರವಾಗಿ ಒತ್ತಿರಲಿ. ಅನುಭವ ಆದವರು ಕೈಗಿಂತ ಮಂಡಿಯಿಂದಲೇ ಹೆಚ್ಚು ಹಿಡಿದುಕೊಳ್ಳುತ್ತಾರೆ.

ಬ್ರೇಕಿನ ಲೆಕ್ಕ ಒಮ್ಮೆ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಬೈಕ್ ಮೂರು ಸೆಕೆಂಡಿನೊಳಗೆ ನಿಂತಿತು ಅನ್ನಿ. 60 ಕೆಜಿಯ ನಿಮ್ಮ ದೇಹವನ್ನು ಅಷ್ಟು ಹೊತ್ತೂ ಮುಂದಕ್ಕೆ ತಳ್ಳುವ ಬಲ ಸುಮಾರು 34 ಕೆಜಿಯ ಮೂಟೆಯ ಭಾರಕ್ಕೆ ಸಮ. ಆ ಮೂಟೆಯನ್ನು ನಿಮ್ಮ ಕೈ ಮತ್ತು ಮಂಡಿ ಹೊರದಿದ್ದರೆ ಅದು ನೇರ ಮುಂದಿನವರ ಬೆನ್ನ ಮೇಲೆ ಬೀಳುತ್ತದೆ, ಅಲ್ಲಿಂದ ಅವರ ಮುಂಗೈಗಳಿಗೆ. ಅದೇ ಮುಂಗೈಗಳು ಆ ಕ್ಷಣದಲ್ಲಿ ಬ್ರೇಕ್ ಒತ್ತುತ್ತಲೂ ಇವೆ, ಗುಂಡಿ ತಪ್ಪಿಸುತ್ತಲೂ ಇವೆ.

ಹಿಂದೆ ಕೂತವರ ಹೆಲ್ಮೆಟ್ ಮುಂದಿನ ಹೆಲ್ಮೆಟಿಗೆ ಟಕ್ಕೆಂದು ಬಡಿಯುವುದು ಈ ಹಿಡಿತ ಸಡಿಲವಿರುವುದರ ಗುರುತು. ಅದಕ್ಕೆ ಕಿವಿ ಮದ್ದು. ಗೇರ್ ಬದಲಾಗುವ ಮುಂಚೆ ಎಂಜಿನ್ನಿನ ದನಿ ಏರುತ್ತಾ ಹೋಗಿ ತಟ್ಟನೆ ತಗ್ಗುತ್ತದೆ. ಆ ತಗ್ಗಿನಲ್ಲಿ ಬೈಕ್ ಒಂದು ಕ್ಷಣ ತಡವರಿಸಿ ಮತ್ತೆ ಎಳೆಯುತ್ತದೆ. ಒಂದೆರಡು ಕಿಲೋಮೀಟರ್ ಆ ಲಯ ಕೇಳಿಸಿಕೊಂಡರೆ ಯಾವಾಗ ಹೊಟ್ಟೆ ಬಿಗಿ ಹಿಡಿಯಬೇಕು ಎಂದು ದೇಹಕ್ಕೇ ಗೊತ್ತಾಗುತ್ತದೆ. ಹಾಗೆಯೇ ಮುಂದಿನವರ ಭುಜದ ಆಚೆ ರಸ್ತೆ ನೋಡುತ್ತಿರಿ. ಸಿಗ್ನಲ್ ಕೆಂಪಾದದ್ದು ನಿಮಗೂ ಕಂಡರೆ ಬ್ರೇಕ್ ಬೀಳುವ ಮುಂಚೆ ನೀವು ಸಿದ್ಧ. ಫೋನ್ ನೋಡುತ್ತಾ ಕೂತವರಿಗೆ ಪ್ರತಿ ಬ್ರೇಕೂ ಅನಿರೀಕ್ಷಿತ.

ತಿರುವಿನಲ್ಲಿ ಏನೂ ಮಾಡಬೇಡಿ

ಬೈಕ್ ತಿರುಗಲು ವಾಲಲೇಬೇಕು. ವಾಲಿದಾಗ ಬೀಳುತ್ತೇವೆ ಅನ್ನಿಸುವುದು ಕಣ್ಣಿಗೆ ಮಾತ್ರ. ಕಣ್ಣು ಬಿಟ್ಟು ದೇಹವನ್ನು ಕೇಳಿ ನೋಡಿ. ಬೈಕಿನೊಂದಿಗೇ ವಾಲಿದ್ದರೆ ನಿಮ್ಮನ್ನು ಪಕ್ಕಕ್ಕೆ ಎಳೆಯುವ ಬಲವೇ ಇರುವುದಿಲ್ಲ, ಭಾರವೆಲ್ಲ ನೇರ ಸೀಟಿನ ಕಡೆಗೇ ಒತ್ತುತ್ತದೆ. ಕೈಯಲ್ಲಿ ತುಂಬಿದ ಲೋಟವಿದ್ದು, ಅದೂ ಬೈಕಿನಷ್ಟೇ ವಾಲಿದ್ದರೆ ನೀರು ಚೆಲ್ಲುವುದಿಲ್ಲ. ನಿಮ್ಮ ಬೆನ್ನುಮೂಳೆ ಆ ಲೋಟದ ಹಾಗೆ ಬೈಕಿನ ಗೆರೆಯಲ್ಲೇ ಇರಬೇಕು.

ಹೆದರಿ ನೆಟ್ಟಗೆ ಕೂರಲು ಹೋದರೆ ಓಡಿಸುವವರು ಅದೇ ತಿರುವಿಗೆ ಬೈಕನ್ನು ಇನ್ನೂ ಹೆಚ್ಚು ವಾಲಿಸಬೇಕಾಗುತ್ತದೆ. ಅದನ್ನು ನೋಡಿ ನಿಮಗೆ ಇನ್ನೂ ಭಯ. ಹಾಗಂತ ಅತಿ ಉತ್ಸಾಹದಿಂದ ಒಳಗಡೆಗೆ ಜೋತುಬೀಳುವುದೂ ತಪ್ಪು. ಸೈಡ್‌ಕಾರ್ ರೇಸಿನಲ್ಲಿ ಜೊತೆಗಾರ ನೆಲಕ್ಕೆ ಅಂಗುಲದ ಅಂತರದಲ್ಲಿ ತೇಲಾಡುವುದನ್ನು ನೋಡಿರಬಹುದು, 1949ರಿಂದ ಅದಕ್ಕೆ ವಿಶ್ವ ಚಾಂಪಿಯನ್‌ಷಿಪ್ಪೇ ನಡೆಯುತ್ತಿದೆ. ಅದು ಮೂರು ಚಕ್ರದ, ತಾನಾಗಿ ವಾಲದ ಗಾಡಿ. ಅಲ್ಲಿ ಜೊತೆಗಾರನ ದೇಹವೇ ತಿರುವಿನ ಯಂತ್ರ. ನಿಮ್ಮದು ಎರಡು ಚಕ್ರ.

ಒಂದು ಸುಲಭದ ಉಪಾಯವಿದೆ. ಬಲಕ್ಕೆ ತಿರುವು ಬಂದರೆ ಮುಂದಿನವರ ಬಲಭುಜದ ಮೇಲಿಂದ ನೋಡಿ, ಎಡಕ್ಕೆ ಬಂದರೆ ಎಡಭುಜದ ಮೇಲಿಂದ. ತಲೆ ಅಷ್ಟು ಸರಿದರೆ ಸಾಕು, ಮೈ ತಾನಾಗಿ ಸರಿಯಾದ ಕೋನಕ್ಕೆ ಬರುತ್ತದೆ. ಆ ತಿರುವಿನ ಆಚೆ ಅಕ್ಕ ನನಗೆ ಹೇಳಿಕೊಟ್ಟದ್ದು ಇದನ್ನೇ. ಮುಂದಿನ ಹತ್ತು ತಿರುವು ನಾನು ಗಿಣಿಯಂತೆ ಕತ್ತು ಆಚೀಚೆ ಮಾಡುತ್ತಾ ಹೋದೆ. ಹನ್ನೊಂದನೆಯದರಲ್ಲಿ ಮರೆತೇಹೋಯಿತು, ಆದರೂ ಬೈಕ್ ಸರಿಯಾಗಿಯೇ ತಿರುಗಿತು.

ವೇಗಕ್ಕಿಂತ ನಿಧಾನದಲ್ಲಿ ಹೆಚ್ಚು ಜೋಪಾನ ಬೇಕು ಅಂದರೆ ಹೊಸಬರು ನಂಬುವುದಿಲ್ಲ. ಓಡುವ ಬೈಕ್ ತನ್ನನ್ನು ತಾನೇ ಸಾಕಷ್ಟು ನೆಟ್ಟಗಿಟ್ಟುಕೊಳ್ಳುತ್ತದೆ. ನಡಿಗೆಯ ವೇಗದಲ್ಲಿ ಯೂ ಟರ್ನ್ ಹೊಡೆಯುವಾಗ, ವಾಹನಗಳ ನಡುವೆ ತೆವಳುವಾಗ ಅದನ್ನು ಕೈಯಲ್ಲೇ ಹಿಡಿದು ನಿಲ್ಲಿಸಬೇಕು. ಅಷ್ಟು ಹೊತ್ತಿಗೆ ಸರಿಯಾಗಿ ನಿಮಗೆ ಸೊಂಟ ಸರಿಸಬೇಕು, ಜೇಬು ತಡಕಬೇಕು ಅನ್ನಿಸುತ್ತದೆ. ತಡೆದುಕೊಳ್ಳಿ. ಕದಲುವುದಿದ್ದರೆ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕದಲಿ.

ಸಿಗ್ನಲ್‌ನಲ್ಲಿ ನಿಂತಾಗ ಕಾಲು ಕೆಳಗೆ ಇಳಿಬಿಡಬೇಡಿ. ಸಹಾಯ ಮಾಡುತ್ತಿದ್ದೇವೆ ಅಂದುಕೊಳ್ಳುತ್ತೇವೆ, ಆದರೆ ಅರೆಬರೆ ಎಟುಕುವ ಕಾಲು ಬೈಕನ್ನು ಒಂದು ಕಡೆಗೆ ತಳ್ಳುತ್ತದೆ ಅಷ್ಟೆ. ಹತ್ತಿದಲ್ಲಿಂದ ಇಳಿಯುವವರೆಗೆ ಪಾದ ಫುಟ್‌ರೆಸ್ಟ್ ಬಿಡಕೂಡದು.

ಹಂಪು, ಗುಂಡಿ

ಹಿಂದಿನ ಸೀಟು ಹಿಂದಿನ ಚಕ್ರದ ನೆತ್ತಿಯ ಮೇಲೇ ಇರುವುದರಿಂದ ಏಟು ನೇರ ನಿಮ್ಮ ಸೊಂಟಕ್ಕೆ. ಹಂಪು ಕಂಡಾಗ ಪಾದಗಳ ಮೇಲೆ ಭಾರ ಹಾಕಿ, ಮಂಡಿ ಬಗ್ಗಿಸಿದ ಹಾಗೇ ಕುಂಡೆಯನ್ನು ಸೀಟಿನಿಂದ ಒಂದಂಗುಲ ಹಗುರ ಮಾಡಿ. ಎದ್ದು ನಿಲ್ಲುವ ಅಗತ್ಯವಿಲ್ಲ. ಏಟನ್ನು ಕಾಲಿನ ಸ್ನಾಯು ತಿನ್ನುತ್ತದೆ, ಬೆನ್ನುಮೂಳೆ ಉಳಿಯುತ್ತದೆ. ಮುಂದಿನ ಚಕ್ರ ದಾಟಿದ ಕೂಡಲೇ ಕೂತುಬಿಡುವವರೇ ಹೆಚ್ಚು. ಸೊಂಟಕ್ಕೆ ಏಟು ಕೊಡುವುದು ಹಿಂದಿನ ಚಕ್ರ, ಅದೂ ದಾಟಲಿ.

ಮಾತು, ಸನ್ನೆ, ನಿದ್ದೆ

ಗಾಳಿಯ ಸದ್ದಿನಲ್ಲಿ ಕೂಗಿದ್ದು ಅರ್ಧ ಕೇಳಿಸುತ್ತದೆ, ಮಿಕ್ಕ ಅರ್ಧಕ್ಕಾಗಿ ಓಡಿಸುವವರು ತಲೆ ತಿರುಗಿಸುತ್ತಾರೆ. ಹೊರಡುವ ಮುಂಚೆಯೇ ಎರಡು ಮೂರು ತಟ್ಟುಗಳನ್ನು ಒಪ್ಪಂದ ಮಾಡಿಕೊಳ್ಳಿ. ನಮ್ಮದು ಹೀಗಿದೆ: ಸೊಂಟಕ್ಕೆ ಒಂದು ತಟ್ಟು ಅಂದರೆ ನಿಧಾನ, ಎರಡು ಅಂದರೆ ಜಾಗ ನೋಡಿ ನಿಲ್ಲಿಸು, ಬಿಡದೆ ತಟ್ಟಿದರೆ ಈಗಲೇ ನಿಲ್ಲಿಸು. ದಾರಿ ಹೇಳುವುದಿದ್ದರೆ ತಿರುವಿಗೆ ಸಾಕಷ್ಟು ಮುಂಚೆ ಹೇಳಿ. ತಿರುವಿನಲ್ಲೇ ಅವರ ಕಣ್ಣ ಮುಂದೆ ಕೈ ಚಾಚಿ “ಇಲ್ಲಿ, ಇಲ್ಲಿ!” ಅನ್ನುವುದಕ್ಕಿಂತ ಮುಂದೆ ಹೋಗಿ ವಾಪಸ್ ಬರುವುದು ಮೇಲು.

ಓವರ್‌ಟೇಕ್ ಮಾಡುವಾಗ “ಬಾ ಬಾ, ಏನೂ ಇಲ್ಲ” ಎಂಬ ಸಲಹೆ ಬೇಡ. ನಿಮಗೆ ಕಂಡದ್ದು ಬೇರೆ, ಅವರಿಗೆ ಬೇಕಾದ ಅಂತರ ಬೇರೆ. ಆದರೆ ಅಪಾಯ ಕಂಡರೆ, ವೇಗ ಅತಿಯಾದರೆ ಹೇಳಲೇಬೇಕು. ಒಂದು ತಟ್ಟಿಗೆ ಕೇಳದಿದ್ದರೆ ಎರಡು, ಎರಡಕ್ಕೂ ಕೇಳದಿದ್ದರೆ ಮುಂದಿನ ನಿಲುಗಡೆಯಲ್ಲಿ ಇಳಿದುಬಿಡಿ. ಕುಡಿದವರ ಹಿಂದೆ ಹತ್ತುವ ಪ್ರಶ್ನೆಯೇ ಇಲ್ಲ, ಎಷ್ಟೇ ಹತ್ತಿರದವರಾಗಲಿ, ಎಷ್ಟೇ ಹತ್ತಿರದ ಊರಾಗಲಿ.

ದೂರದ ದಾರಿಯಲ್ಲಿ ಹಿಂದಿನವರ ದೊಡ್ಡ ಶತ್ರು ನಿದ್ದೆ. ಮಾಡಲು ಕೆಲಸವಿಲ್ಲ, ಎಂಜಿನ್ನಿನ ಒಂದೇ ಸದ್ದು, ಮುಖಕ್ಕೆ ಬಿಸಿಲು, ರೆಪ್ಪೆ ಜೋತುಬೀಳುತ್ತದೆ. ತೂಕಡಿಸಿದವರ ತಲೆ ಮೊದಲು ಮುಂದಿನವರ ಬೆನ್ನಿಗೆ, ಆಮೇಲೆ ಪಕ್ಕಕ್ಕೆ. ಒಂದು ಆಕಳಿಕೆ ಬಂದಾಗಲೇ ಎರಡು ತಟ್ಟು ತಟ್ಟಿ, ಇಳಿದು ಐದು ನಿಮಿಷ ನಡೆಯಿರಿ. ಗಂಟೆಗೊಮ್ಮೆ ಹೇಗೂ ನಿಲ್ಲಿಸುವುದು ಇಬ್ಬರ ಸೊಂಟಕ್ಕೂ ಒಳ್ಳೆಯದು. ಚಳಿಯೂ ಹಾಗೆಯೇ ಕಾಡುತ್ತದೆ, ನಿಂತಾಗ ಹಿತವಾಗಿದ್ದ ಗಾಳಿ ಓಡುವಾಗ ಕೊರೆಯುತ್ತದೆ. ಬೆರಳು ಮರಗಟ್ಟಿದರೆ ಹಿಡಿತ ಹೋಯಿತು, ಗ್ಲೌಸ್ ಬೇಕು.

ಮಕ್ಕಳ ಬಗ್ಗೆ ಒಂದೇ ಅಳತೆ: ಕೂತಾಗ ಎರಡೂ ಪಾದ ಫುಟ್‌ರೆಸ್ಟಿಗೆ ಎಟುಕಬೇಕು, ತಲೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು, ಹಿಡಿದುಕೋ ಅಂದರೆ ದಾರಿಯುದ್ದಕ್ಕೂ ಹಿಡಿದುಕೊಂಡಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಆ ಮಗು ಇನ್ನೊಂದೆರಡು ವರ್ಷ ಕಾಯಲಿ.

ಇಳಿಯುವುದು

ಬೈಕ್ ಪೂರ್ತಿ ನಿಂತು, ಓಡಿಸುವವರ ಎರಡೂ ಕಾಲು ನೆಲ ಮುಟ್ಟಿ, ಅವರು “ಇಳಿ” ಅಂದ ಮೇಲೆ ಇಳಿಯಿರಿ. ಇಳಿಯುವ ಮುಂಚೆ ಹಿಂದೆ ತಿರುಗಿ ನೋಡಿ, ಪಕ್ಕದಲ್ಲಿ ಸಂದಿ ಸಿಕ್ಕಿತೆಂದು ನುಗ್ಗುವ ಇನ್ನೊಂದು ಬೈಕ್ ಇದ್ದೇ ಇರುತ್ತದೆ. ಹತ್ತಿದ್ದರ ತಿರುಗುಮುರುಗು ಕ್ರಮ, ಎಡಕ್ಕೇ. ಓಡಿ ಬಂದ ಸೈಲೆನ್ಸರ್ ಈಗ ಹೊರಟಾಗಿಗಿಂತ ಬಿಸಿಯಾಗಿರುತ್ತದೆ, ಕಾಲು ಎತ್ತರಕ್ಕೆ ಎತ್ತಿ ದಾಟಿಸಿ.

ಇಳಿದ ಮೇಲೆ ಇನ್ನೊಂದು ಚಿಕ್ಕ ಕೆಲಸ, ಫುಟ್‌ರೆಸ್ಟ್ ಎರಡನ್ನೂ ಮಡಚಿಡಿ. ಬೈಕನ್ನು ಹಿಂದಕ್ಕೆ ತಳ್ಳಿ ನಿಲ್ಲಿಸುವಾಗ ಬಿಚ್ಚಿಟ್ಟ ಫುಟ್‌ರೆಸ್ಟ್ ಸರಿಯಾಗಿ ತಳ್ಳುವವರ ಕಾಲಿಗೇ ಬಂದು ಬಡಿಯುತ್ತದೆ. ಮೊದಲ ಪ್ರಯಾಣದ ಕೊನೆಯಲ್ಲಿ, ತಿರುವುಗಳಲ್ಲೆಲ್ಲ ಪಾಸಾದೆ ಅಂತ ನಾನು ಹಿಗ್ಗಿನಲ್ಲಿ ಹೆಲ್ಮೆಟ್ ತೆಗೆಯುತ್ತಿದ್ದಾಗ ಹಿಂದಿನಿಂದ “ಅಯ್ಯೋ!” ಅಂತ ಕೇಳಿಸಿತು. ಅಕ್ಕ ಒಂಟಿ ಕಾಲಿನಲ್ಲಿ ನಿಂತು ಮೊಣಕಾಲಿನ ಕೆಳಗೆ ಉಜ್ಜಿಕೊಳ್ಳುತ್ತಿದ್ದಳು. “ಇದನ್ನ ಹೇಳಿಕೊಡೋದು ಮರೆತೆ ಕಣೋ” ಅಂದಳು.